ಕುಂಕುಮ ಹಚ್ಚಿದ ಗ್ರಾಫಿಕ್ಸ್ ಕಾರ್ಡು

ಆಗ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಕೂತು ನಾನು ದಿನಾ ಎರಡು ಕೆಲಸ ಮಾಡ್ತಿದ್ದೆ. ಒಂದು, ಅಮ್ಮನಿಗೆ ಫೋನ್ ಮಾಡಿ "ಗಾಡಿ ಗೇಟಿನ ಹತ್ರಾನೇ ಇದ್ಯಾ?" ಅಂತ ಕೇಳೋದು. ಇನ್ನೊಂದು, ಅದೇ ಫೋನಿನಲ್ಲಿ ಹಳೇ ಗ್ರಾಫಿಕ್ಸ್ ಕಾರ್ಡು ಹುಡುಕೋದು. ಸಂಬಳ ಕೊಡ್ತಿದ್ದದ್ದು ಮೂರನೇ ಕೆಲಸಕ್ಕೆ, ಅದೂ ಹೇಗೋ ನಡೀತಿತ್ತು ಅನ್ನಿ.

ಗಾಡಿ ಅಂದ್ರೆ ನನ್ನ ಸ್ಕೂಟರ್. ಕಂಪನಿ ಬಸ್ಸಿನಲ್ಲಿ ನಾನು ಕೆಲಸಕ್ಕೆ ಹೋದ ಮೇಲೆ ಅದು ರಾಮಕೃಷ್ಣನಗರದ ಮನೆ ಮುಂದೆ ನಿಂತಿರ್ತಿತ್ತು. ಮನೇಲಿ ಅಪ್ಪ. ಸಿಟಿ ಬಸ್ ಡ್ರೈವರ್ ಆಗಿ ರಿಟೈರ್ ಆದವರು, ಚಾಮುಂಡಿ ಬೆಟ್ಟದ ರೂಟಿನಲ್ಲೇ ಅರ್ಧ ಆಯಸ್ಸು ಸವೆಸಿದವರು. ಸ್ಟ್ರೋಕ್ ಹೊಡೆದಾಗ ಕೈ, ಕಾಲು, ಮಾತು ಎಲ್ಲ ಉಳೀತು. ಎಡಗಡೆಯ ನೋಟ ಮಾತ್ರ ಹೋಯ್ತು, ಎರಡು ಕಣ್ಣಿಗೂ. ತಟ್ಟೆಯ ಎಡಗಡೆ ಬಡಿಸಿದ ಪಲ್ಯ ಹಾಗೇ ಇರ್ತಿತ್ತು, "ಇವತ್ತು ಪಲ್ಯ ಮಾಡ್ಲಿಲ್ವಾ?" ಅಂತ ಕೇಳೋರು. ಇನ್ನು ಗಾಡಿ ಮುಟ್ಟಬೇಡಿ ಅಂತ ಡಾಕ್ಟರು ಹೇಳಿದ್ದಕ್ಕೆ, "ಅವರೇನು ಬಸ್ ಓಡಿಸಿದಾರಾ?" ಅಂದುಬಿಟ್ರು.

ಸ್ಕೂಟರಿನ ಎರಡನೇ ಕೀ ಕಾಣೆಯಾಗಿತ್ತು. ಕೇಳಿದ್ರೆ "ಎಲ್ಲೋ ಕಳ್ದೋಗ್ಬುಟ್ಟದೆ ಕಣಮ್ಮ" ಅನ್ನೋರು. ಒಂದು ಸಂಜೆ ಬಂದು ನೋಡ್ತೀನಿ, ಬೆಳಿಗ್ಗೆ ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ್ದ ಗಾಡಿ ರಸ್ತೆ ಕಡೆ ಮುಖ ಮಾಡಿ ನಿಂತಿದೆ. ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದಳಂತೆ. ಅಪ್ಪ ಪೇಪರ್ ಓದ್ತಾ ಇದ್ರು, ತಲೆ ಎತ್ತಲಿಲ್ಲ. ಚಕ್ರಕ್ಕೆ ಸರಪಳಿ ಬಿಗಿಬಹುದಿತ್ತು. ಅಷ್ಟು ದೊಡ್ಡ ಬಸ್ಸನ್ನ ಬೆಟ್ಟ ಹತ್ತಿಸಿ ಇಳಿಸಿದವರ ಕಣ್ಣೆದುರು ಸ್ಕೂಟರಿಗೆ ಸರಪಳಿ ಹಾಕೋಕೆ ನನಗೆ ಮನಸ್ಸು ಬರಲಿಲ್ಲ.

ಅದಕ್ಕೇ ಗೇಮು. ಕಾಲೇಜಿನಿಂದಲೂ ನಾನು ಕಂಪ್ಯೂಟರ್ ಗೇಮ್ ಆಡೋಳು, ಸ್ಟೀರಿಂಗು, ಪೆಡಲ್ಲು ಎಲ್ಲ ಮನೇಲೇ ಇತ್ತು. ಬಸ್ ಓಡಿಸೋ ಒಂದು ಗೇಮಿಗೆ ಯಾರೋ ಪುಣ್ಯಾತ್ಮ ನಮ್ಮ ಬೆಟ್ಟದಂಥದೇ ತಿರುವುಗಳ ರಸ್ತೆ ಮಾಡಿ ಹಾಕಿದ್ದ. ಅಪ್ಪನ್ನ ಕೂರಿಸಿದೆ. ಮೊದಲನೇ ತಿರುವಿನಲ್ಲೇ ಎಡಗಡೆಯ ಹೂವಿನಂಗಡಿಗೆ ಗುದ್ದಿದ್ರು. "ಚಿತ್ರ ನಿಂತು ನಿಂತು ಬರುತ್ತೆ, ಹಿಂಗಿದ್ರೆ ಯಾವನು ಓಡಿಸ್ತಾನೆ" ಅಂತ ಎದ್ದು ಹೋಗಿ, ಹೊರಗೆ ಸ್ಕೂಟರ್ ನೋಡ್ಕೊಂಡು ಕೂತ್ರು. ಅವರು ಹೇಳಿದ್ದೂ ಸುಳ್ಳಲ್ಲ. ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸೋ ನನ್ನ ಗ್ರಾಫಿಕ್ಸ್ ಕಾರ್ಡು ಓಬೀರಾಯನ ಕಾಲದ್ದು, ತಿರುವು ಬಂದ್ರೆ ಚಿತ್ರ ಜಗ್ಗಿ ಜಗ್ಗಿ ಬರ್ತಿತ್ತು. ಚಿತ್ರ ಸರಿಹೋದ್ರೆ ಅಪ್ಪ ಇಲ್ಲೇ ಓಡಿಸ್ಕೊಂಡು ಇರ್ತಾರೆ, ಬೀದಿಗೆ ಇಳಿಯಲ್ಲ ಅಂತ ನನ್ನ ಲೆಕ್ಕಾಚಾರ.

ಹೊಸದು ನನ್ನ ಕೈಗೆ ಎಟುಕೋ ಮಾತಲ್ಲ. ಹಳೇದರ ತಾಪತ್ರಯ ಒಂದಾ ಎರಡಾ. ನಾಲ್ಕು ಜಿಬಿ ಮೆಮೊರಿಯದು ಆ ರಸ್ತೆಗೆ ಸಾಲಲ್ಲ. ಕರೆಂಟ್ ಜಾಸ್ತಿ ಎಳೆಯೋದು ತಂದ್ರೆ ನನ್ನ ಪವರ್ ಸಪ್ಲೈ ಕೈಕೊಡುತ್ತೆ. ಉದ್ದ ಜಾಸ್ತಿಯಾದ್ರೆ ಕ್ಯಾಬಿನೆಟ್ಟಿನೊಳಗೆ ಕೂರಲ್ಲ. ಎಲ್ಲ ಹೊಂದ್ತು ಅನ್ನೋ ಹೊತ್ತಿಗೆ, ಇದನ್ನ ಕ್ರಿಪ್ಟೊ ಕಾಯಿನ್ ತೆಗೆಯೋಕೆ ಹಗಲೂ ರಾತ್ರಿ ದುಡಿಸಿ ಜೀವ ತೆಗೆದಿದ್ರೆ ಅನ್ನೋ ಭಯ. ಒಂದನ್ನ ಒಪ್ಪಿ ಕ್ಯಾಂಟೀನಿಗೆ ಹೋಗಿ ಬರೋಷ್ಟರಲ್ಲಿ ಅದು ಬೇಡ ಅನ್ನಿಸ್ತಿತ್ತು. ಬೇಡ ಅಂತ ಬಿಟ್ಟದ್ದನ್ನ ಇನ್ಯಾರೋ ತಗೊಂಡ್ರು ಅಂದ್ರೆ ಹೊಟ್ಟೆ ಉರೀತಿತ್ತು. ಫೋನು ನೋಡ್ತಾ ನೋಡ್ತಾ ನನ್ನ ಸ್ಟಾಪ್ ದಾಟಿ ಹೋಗಿದ್ದೂ ಇದೆ. ತಲೆ ಕೆಟ್ಟು ಕೆರ ಹಿಡಿದು ಹೋಗಿತ್ತು.

ಕೊನೆಗೆ ಎರಡು ಉಳಿದವು. ಒಂದು ಅಂಗಡಿಯದು, ಇನ್ನೊಂದು ಹೆಬ್ಬಾಳದಲ್ಲಿ ರೂಮ್ ಮಾಡಿಕೊಂಡಿದ್ದ ಶಿಫ್ಟ್ ಕೆಲಸದವರೊಬ್ಬರದು. ಭಾನುವಾರ ಹೊರಟಾಗ "ನಾನೂ ಬತ್ತೀನಿ" ಅಂತ ಅಪ್ಪ ಸ್ಕೂಟರಿನ ಹಿಂದೆ ಹತ್ತಿದ್ರು. ದಾರಿಯುದ್ದಕ್ಕೂ, ಹಂಪ್ ಬಂದ್ರೂ ಸಿಗ್ನಲ್ ಬಂದ್ರೂ, ಅವರ ಬಲಗಾಲು ಇಲ್ಲದ ಬ್ರೇಕನ್ನ ತುಳಿಯೋದು ನನಗೆ ಗೊತ್ತಾಗ್ತಿತ್ತು. ನನಗಿಂತ ಮೊದಲೇ ತುಳೀತಿದ್ರು.

ಅಂಗಡಿಯ ಕಾರ್ಡು ಮದುವಣಗಿತ್ತಿ ಥರ ಫಳಫಳ ಅಂತಿತ್ತು. ಹೆಬ್ಬಾಳದ ಕಾರ್ಡಿನ ಬೆನ್ನಿನ ಮೇಲೆ ಮಾಸಿದ ಅರಿಶಿನ, ಕುಂಕುಮದ ಬೊಟ್ಟು. ನನಗೆ ಮೈಯೆಲ್ಲ ಉರೀತು.

"ಏನ್ರೀ ಇದು, ಇದಕ್ಕೆಲ್ಲ ಯಾರಾದ್ರೂ ಕುಂಕುಮ ಹಚ್ತಾರಾ? ಪುಡಿ ಫ್ಯಾನೊಳಗೆ ಹೋಗಲ್ವಾ?"

"ಆಯುಧಪೂಜೆ ಅಲ್ವಾ ಮೇಡಂ," ಅಂದ್ರು ಆತ, ಪೆಚ್ಚಾಗಿ. "ಪ್ರತಿ ವರ್ಷ ಹೊರಗೆ ತೆಗೆದು, ಕ್ಲೀನ್ ಮಾಡಿ, ಪೂಜೆಗೆ ಇಡ್ತೀನಿ."

ಅಪ್ಪ ಕಾರ್ಡನ್ನ ಕೈಗೆ ತಗೊಂಡು, ತಮ್ಮ ಬಲಗಡೆಗೆ ಹಿಡಿದು ನೋಡಿದ್ರು. "ಇದೇ ಇರ್ಲಿ ಬುಡು" ಅಂದ್ರು ನನಗೆ. "ಡಿಪೋದಲ್ಲಿ ಬಸ್ ತೊಳೀದೆ ಯಾವನೂ ಕುಂಕುಮ ಇಡ್ತಿರ್ಲಿಲ್ಲ. ಪೂಜೆ ಮಾಡೋನು ವರ್ಷಕ್ಕೊಂದ್ಸಲನಾದ್ರೂ ಒಳಗೆ ಕೈ ಹಾಕಿರ್ತಾನೆ. ಆ ಅಂಗಡೀದು ಮಾರೋಕೆ ಅಂತ ತೊಳೆದಿರೋದು."

ಇದ್ಯಾವ ಪರೀಕ್ಷೆ ಅಂತ ನಗು ಬಂತು. ಆದರೂ ಅಲ್ಲೇ ಅವರ ಕಂಪ್ಯೂಟರಿನಲ್ಲಿ ಗೇಮ್ ಓಡಿಸಿ, ಬಿಸಿ ಎಷ್ಟೇರುತ್ತೆ ಅಂತ ನೋಡಿ, ಅದನ್ನೇ ತಗೊಂಡೆ. ಅಪ್ಪ ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಹಿಂದೆ ಕೂತ್ರು.

ಸಂಜೆ ಕಾರ್ಡು ಹಾಕಿದೆ. ರಸ್ತೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹರೀತು. ಅಪ್ಪ ಗೇರ್ ಹಾಕಿ ಹೊರಟ್ರು. ಮೊದಲನೇ ತಿರುವು ದಾಟಿತು, ಎರಡನೇದೂ ದಾಟಿತು. ಸೀಟಿನಲ್ಲಿ ಒರಗಿ, ತುಟಿಯಲ್ಲೇ ಏನೋ ಗುನುಗಿಕೊಂಡ್ರು. ಅಬ್ಬ, ಗೆದ್ದೆ ಅಂದ್ಕೊಂಡೆ. ಮುಂದೆ ಒಂದು ಸ್ಟಾಪಿನ ಹತ್ರ, ಎಡಗಡೆಯಿಂದ ಒಬ್ಬಳು ಹೆಂಗಸು ಮಗುವಿನ ಕೈ ಹಿಡಿದು ರಸ್ತೆಗಿಳಿದಳು. ಚಿತ್ರ ಎಲ್ಲೂ ಜಗ್ಗಲಿಲ್ಲ, ಅವಳ ಸೀರೆಯ ಅಂಚು ಕೂಡ ಕಾಣ್ತಿತ್ತು. ನನಗೆ ಕಾಣ್ತಿತ್ತು. "ಅಪ್ಪ" ಅನ್ನೋದರೊಳಗೆ ಬಸ್ಸು ಅವರ ಮೇಲೆ ಹೋಯ್ತು.

"ಎಲ್ಲಿಂದ ಬಂದ್ರು ಇವರು?" ಅಂದ್ರು ಅಪ್ಪ. "ಇನ್ನೊಂದ್ಸಲ ಹಾಕು."

ಹಾಕಿದೆ. ನಿಧಾನಕ್ಕೆ ಬಂದ್ರು, ಅದೇ ಜಾಗದಲ್ಲಿ ಹಾಗೇ ಆಯ್ತು. "ಚಿತ್ರ ಸರಿಯಾಗಿದ್ಯಲ್ವಾ?" ಅಂತ ಕೇಳಿದ್ರು. ತಪ್ಪನ್ನ ಕಾರ್ಡಿನ ಮೇಲೆ ಹಾಕಿಬಿಡೋಣ ಅಂತ ನಾಲಿಗೆ ತುದಿಗೆ ಬಂದಿತ್ತು.

"ಸರಿಯಾಗಿದೆ, ಅಪ್ಪ."

ಎದ್ದು ದೇವರ ಗೂಡಿನ ಕಡೆ ಹೋದ್ರು. ನನಗೆ ಅಳು ತಡೆಯೋಕಾಗಲಿಲ್ಲ. ಅವರ ಖುಷಿಗೆ ಅಂತ ಊರೆಲ್ಲ ಅಲೆದು ತಂದದ್ದು, ಅವರಿಗಿದ್ದ ಒಂದೇ ನೆಪವನ್ನ ಕಿತ್ಕೊಂಡಿತ್ತು. ಅಪ್ಪ ವಾಪಸ್ ಬಂದು ಸ್ಕೂಟರಿನ ಆ ಎರಡನೇ ಕೀಯನ್ನ ಕೀಬೋರ್ಡಿನ ಪಕ್ಕ ಇಟ್ರು. ಅದಕ್ಕೆಲ್ಲ ವಿಭೂತಿ ಮೆತ್ತಿಕೊಂಡಿತ್ತು.

ಆಮೇಲೆ ಇನ್ನೊಂದು ಕುರ್ಚಿ ಎಳೆದು ತಮ್ಮ ಎಡಗಡೆಗೆ ಹಾಕಿದ್ರು. "ಕಣ್ಣೊರೆಸ್ಕೊ. ಕಂಡಕ್ಟರ್ ಇಲ್ದೆ ಬೆಟ್ಟದ ಬಸ್ಸು ಯಾವತ್ತು ಹೋಗಿತ್ತು? ಇಲ್ಲಿ ಕೂತ್ಕೊ. ಎಡಗಡೆ ನಿಂದು."

ಕೂತೆ. ಬಸ್ಸು ಹೊರಟಿತು. ಅದೇ ಸ್ಟಾಪು, ಅದೇ ಹೆಂಗಸು. ಕಂಡಕ್ಟರ್ ಥರ "ಹೋಲ್ಡಾನ್" ಅಂದೆ. ಅಪ್ಪನ ಬಲಗಾಲು ಬ್ರೇಕ್ ತುಳೀತು, ಅವಳು ಮಗುವನ್ನ ಕರ್ಕೊಂಡು ಆಚೆ ದಾಟೋವರೆಗೂ ತೆಗೀಲಿಲ್ಲ.