ಹೊದಿಕೆಗೆ ಎರಡು ಜೇಬು

ನಮ್ಮ ಮನೆಯವರ ಹೊಲಿಗೆಯ ಮೇಲೆ ಇಡೀ ಊರು ಕೂತು ಎದ್ದಿದೆ. ಇವರು ಬಸ್ ಡಿಪೋದಲ್ಲಿ ಸೀಟು ಹೊಲಿಯುವವರು. ನಾನು ಪಕ್ಕದ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ದಿನವಿಡೀ ಬಾಯಿ ನೋಯಿಸಿಕೊಳ್ಳುವವಳು. ಈ ಮನೆಯಲ್ಲಿ ಮಾತೆಲ್ಲ ಅಮ್ಮನ ಪಾಲು, ಕೆಲಸವೆಲ್ಲ ಅಪ್ಪನ ಪಾಲು ಎಂದು ನಮ್ಮ ಒಬ್ಬಳೇ ಮಗಳು ಛೇಡಿಸುತ್ತಾಳೆ. ಸುಳ್ಳೇನಲ್ಲ. ಇವರು ಒಂದು ವಾರದಲ್ಲಿ ಆಡುವ ಮಾತನ್ನು ನಾನು ಬೆಳಗಿನ ಕಾಫಿ ಆರುವುದರೊಳಗೆ ಆಡಿ ಮುಗಿಸಿರುತ್ತೇನೆ.

ಸೀಟಿನ ಕೆಲಸ ನೋಡಿದವರಿಗೇ ಗೊತ್ತು. ಹರಿದ ರೆಕ್ಸಿನ್ ಕಿತ್ತು, ಎದ್ದ ಸ್ಪ್ರಿಂಗನ್ನು ಬಡಿದು ಕೂರಿಸಿ, ಮೇಲೆ ಸ್ಪಂಜಿಟ್ಟು, ಗೋಂದು ಬಳಿದು, ಹೊಸ ರೆಕ್ಸಿನ್ನನ್ನು ಮೈಯ ಬಲವೆಲ್ಲ ಹಾಕಿ ಎಳೆಯಬೇಕು. ಆಮೇಲೆ ಬಾಗಿದ ದಬ್ಬಳಕ್ಕೆ ಮೇಣ ಸವರಿದ ದಾರ ಪೋಣಿಸಿ ಹೊಲಿಯಬೇಕು. ಹೊಲಿದ ಮೇಲೆ ಇವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಗೆ ತೀರಿಸಿಕೊಳ್ಳುವವರ ಹಾಗೆ ಜಗ್ಗುತ್ತಾರೆ. ಕಿತ್ತು ಬರದಿದ್ದರೆ ಪಾಸು. ಇನ್ನೊಂದು ಪದ್ಧತಿಯೂ ಇವರದೇ. ರೆಕ್ಸಿನ್ನಿನ ಅಂಚನ್ನು ಒಳಕ್ಕೆ ಮಡಚದೆ ಹೊಲಿಯುವವರಲ್ಲ, ಕೂತವರ ಕಾಲಿಗೆ ತರಚಬಾರದಂತೆ. ನಾನು ಬಸ್ಸು ಹತ್ತಿದರೆ ಮೊದಲು ಸೀಟಿನ ಅಡಿಗೆ ಬೆರಳು ಹಾಕಿ ಸವರುತ್ತೇನೆ. ಅಂಚು ಬೆರಳಿಗೆ ಸಿಗದಿದ್ದರೆ ಅದು ನಮ್ಮವರ ಕೆಲಸ. ಈ ಹೆಂಗಸು ಏನೋ ಅಂಟಿಸುತ್ತಿದ್ದಾಳೆ ಎಂದು ಪಕ್ಕದವರು ದುರುಗುಟ್ಟಿ ನೋಡಿದರೆ ನೋಡಿಕೊಳ್ಳಲಿ.

ಆದರೆ ಊರಿಗೆಲ್ಲ ತರಚದ ಹಾಗೆ ಹೊಲಿದ ಆ ಅಂಗೈ ಮಾತ್ರ ತರಚುತ್ತದೆ. ದಾರ ಕೊರೆದ ಗೀರುಗಳು ಕಪ್ಪಗೆ ಗಟ್ಟಿಯಾಗಿವೆ. ಬೆರಳ ತುದಿಗಳು ಒಡೆದು ಮುಳ್ಳೆದ್ದಿವೆ. ಹೊಸ ಟವೆಲು ಕೊಟ್ಟರೆ ಎರಡು ಎಳೆ ಕಿತ್ತುಕೊಂಡೇ ವಾಪಸು ಕೊಡುತ್ತಾರೆ. ಎಣ್ಣೆ, ಬೆಣ್ಣೆ, ಮುಲಾಮು ಎಲ್ಲ ಹಚ್ಚಿ ನೋಡಿದ್ದೇನೆ. ಮರುದಿನ ಡಿಪೋಗೆ ಹೋಗಿ ಬಂದರೆ ಯಥಾಪ್ರಕಾರ.

ಮಗಳು ಹುಟ್ಟಿದಾಗ ಇವರು ಹಿಗ್ಗಿ ಹೀರೇಕಾಯಿಯಾಗಿ ಆಸ್ಪತ್ರೆಗೆ ಓಡಿಬಂದಿದ್ದರು. ಬಂದವರೇ ಮಗುವನ್ನು ಎತ್ತಿಕೊಂಡು ಕೆನ್ನೆ ಸವರಿದರು. ಸವರಿದಲ್ಲಿ ಒಂದು ಕೆಂಪು ಗೀರು ಎದ್ದಿತು. ಮಗು ಕಿಟಾರನೆ ಕಿರುಚಿಕೊಂಡಿತು. ನಮ್ಮಮ್ಮ ಅದನ್ನು ಕಸಿದುಕೊಂಡು, “ಅಯ್ಯೋ, ಇದೇನು ಕೈಯೋ ಅರವೋ!” ಎಂದುಬಿಟ್ಟಳು. ಅಮ್ಮ ಆಡಿದ್ದನ್ನು ಅಲ್ಲೇ ಮರೆತಳು. ಗೀರು ಸಂಜೆಗೆಲ್ಲ ಮಾಯವಾಯಿತು. ಇವರು ಮಾತ್ರ ಮರೆಯಲಿಲ್ಲ.

ಅಂದಿನಿಂದ ಇವರು ಮಗಳನ್ನು ಅಂಗೈಯಿಂದ ಮುಟ್ಟಿದ್ದನ್ನು ನಾನು ಕಂಡಿಲ್ಲ. ಅತ್ತರೆ ಮುಂಗೈಯಿಂದ ಕಣ್ಣೊರೆಸುತ್ತಿದ್ದರು. ರಸ್ತೆ ದಾಟಿಸುವಾಗ ಶಾಲೆಯ ಚೀಲದ ಪಟ್ಟಿ ಹಿಡಿದುಕೊಳ್ಳುತ್ತಿದ್ದರು, ಆಡಿನ ಮರಿಯನ್ನು ಕರೆದೊಯ್ದ ಹಾಗೆ. ಜ್ವರ ಬಂತೆಂದರೆ ಮಗಳ ಹಣೆಗೆ ಮೊಣಕೈ ಒತ್ತಿ ನೋಡುವ ಅಪ್ಪ ಲೋಕದಲ್ಲಿ ಇವರೊಬ್ಬರೇ ಇರಬೇಕು. “ನಿಮ್ಮ ಕೈಗೇನು ಹಲ್ಲಿದೆಯಾ? ಎತ್ಕೊಳ್ರೀ ಮಗೂನ!” ಎಂದು ನಾನು ಕೂಗಾಡಿದ್ದಕ್ಕೆ ಲೆಕ್ಕವಿಲ್ಲ. ಇವರು ಜಪ್ಪಯ್ಯ ಎನ್ನುತ್ತಿರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮಗಳನ್ನು ಕಣ್ಣಲ್ಲೇ ಎತ್ತಿಕೊಂಡು ನಿಲ್ಲುತ್ತಿದ್ದರು.

ಅಂಥ ಮಗಳು ಬೆಳೆದು, ಮದುವೆಯಾಗಿ, ಬಸುರಿಯಾದಳು. ಸುದ್ದಿ ಹೇಳಲು ಬಂದವಳು ಅಪ್ಪನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತಳು.

“ಅಪ್ಪ, ಈ ಮಗೂನ ನೀನು ಎತ್ಕೋಬೇಕು. ನೆಪಗಿಪ ಎಲ್ಲ ಹೇಳ್ಬಾರ್ದು.”

ಇವರು ತಮ್ಮ ಕೈ ನೋಡಿಕೊಂಡರು. “ನೋಡೋಣ” ಎಂದರು.

ಇವರ ನೋಡೋಣ ಎಂದರೆ ಏನೆಂದು ನಮ್ಮಿಬ್ಬರಿಗೂ ಗೊತ್ತು. ಮಗಳ ಮುಖ ಸಪ್ಪಗಾಯಿತು. ನಗುತ್ತಲೇ ಬಂದವಳು ಬೇಗ ಹೊರಟುಹೋದಳು. ನನಗೆ ಇವರನ್ನು ಹಿಡಿದು ಅಲ್ಲಾಡಿಸುವಷ್ಟು ಸಿಟ್ಟು ಬಂದಿತ್ತು.

ಮಾರನೆಯ ದಿನ ಡಿಪೋದಿಂದ ಬಂದವರು ಕಾಲು ತೊಳೆಯುವ ಮೊದಲೇ ಕೇಳಿದರು, “ಮಗುಗೆ ಹೊದಿಕೆ ಯಾರು ಹೊಲೀತಾರೆ?”

ನನಗೆ ಅಂಗಿಯ ಗುಂಡಿ ಹಾಕಲೂ ಬರುವುದಿಲ್ಲ. “ಅಂಗಡೀಲಿ ರಾಶಿ ಬಿದ್ದಿವೆ. ತಂದ್ರಾಯ್ತು” ಎಂದೆ.

“ಬೇಡ. ನಾನೇ ಹೊಲೀತೀನಿ.”

ಮೊದಲನೆಯ ಹೊದಿಕೆಯ ಕಥೆ ಹೇಳಿದರೆ ನನಗೆ ಈಗಲೂ ನಗು ತಡೆಯದು. ದಪ್ಪನೆಯ ಹೊಸ ಬಟ್ಟೆ, ಒಳಗೆ ಸ್ಪಂಜಿನ ಹಾಳೆ, ಸುತ್ತಲೂ ಪೈಪಿಂಗು, ಮೂಲೆಮೂಲೆಗೂ ಹೊಲಿಗೆಯ ಮೇಲೆ ಹೊಲಿಗೆ. ಊಟದ ಮೇಜಿನ ಮೇಲಿಟ್ಟರೆ ಗೋಡೆಗೆ ಒರಗಿಕೊಂಡು ತಾನೇ ನಿಂತುಬಿಟ್ಟಿತು. “ರೀ, ಇದಕ್ಕೊಂದು ಸೀಟ್ ನಂಬರ್ ಬರೆದುಬಿಡಿ. ಮಗು ಟಿಕೆಟ್ ತಗೊಂಡೇ ಹುಟ್ಲಿ” ಎಂದು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಇವರೂ ನಕ್ಕರು. ಅಭ್ಯಾಸಬಲದಿಂದ ಅದನ್ನು ಹಿಡಿದು ಜಗ್ಗಿದರು. ಒಂದು ಎಳೆಯೂ ಅಲುಗಲಿಲ್ಲ. ಆಗ ನಗು ನಿಲ್ಲಿಸಿ ಅದನ್ನೇ ನೋಡುತ್ತ ಕೂತರು.

“ಇದು ಜನ ಹರೀಬಾರ್ದು ಅಂತ ಹೊಲ್ದಿದ್ದು” ಎಂದರು ತಮ್ಮಷ್ಟಕ್ಕೆ. “ಮಗು ಯಾಕೆ ಹರಿಯುತ್ತೆ?”

ಎರಡನೆಯದಕ್ಕೆ ಬಟ್ಟೆ ಹುಡುಕುವ ನೆಪದಲ್ಲಿ ನನ್ನ ಕಪಾಟು ಜಾಲಾಡಿಸಿದರು. ಇವರ ಬೆರಳಿಗೆ ನುಣುಪು, ಒರಟು ಒಂದೂ ತಿಳಿಯುವುದಿಲ್ಲ. ಹಾಗಾಗಿ ಒಂದೊಂದೇ ಬಟ್ಟೆ ಎತ್ತಿ, ಕಣ್ಣು ಮುಚ್ಚಿಕೊಂಡು, ರೆಪ್ಪೆಯ ಮೇಲೆ ಮೆಲ್ಲಗೆ ಎಳೆದು ನೋಡಿದರು. ನಾನು ಜೋಪಾನವಾಗಿಟ್ಟಿದ್ದ ರೇಷ್ಮೆ ಬಟ್ಟೆ ಈ ಪರೀಕ್ಷೆಯಲ್ಲಿ ಫೇಲಾಯಿತು. ಒಗೆದು ಒಗೆದು ಜೀವ ಹೋಗಿದ್ದ ದಿಂಬಿನ ಚೀಲ ಪಾಸಾಯಿತು. ಮಗಳ ಶಾಲೆಯ ಬಿಳಿ ಅಂಗಿ ಪಾಸು. ಇವರದೇ ಕೆಲಸದ ಅಂಗಿಯ ಬೆನ್ನು ಕೂಡ ಪಾಸು. ಅದನ್ನು ನಾನೂ ರೆಪ್ಪೆಗೆ ತಾಗಿಸಿ ನೋಡಿದೆ. ನಾನೇ ಒಗೆಯುತ್ತ ಬಂದ ಅಂಗಿ ಅಷ್ಟು ಮೆತ್ತಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಸಂಜೆ ಡಿಪೋದಿಂದ ಬಂದವರು ಕಿಟಕಿಯ ಬೆಳಕು ಇರುವವರೆಗೆ ಹೊಲಿಯುತ್ತಿದ್ದರು. ಬಟ್ಟೆ ಬೆರಳಿಗೆ ಸಿಕ್ಕಿಕೊಂಡು ಎಳೆ ಕಿತ್ತು ಬರುತ್ತಿತ್ತು. ಹಳೆಯ ಕಾಲುಚೀಲ ಕತ್ತರಿಸಿ ಕೈಗೆ ಹಾಕಿಕೊಂಡರು. ಆ ಕೈಯಲ್ಲಿ ಸಣ್ಣ ಸೂಜಿ ಕಣ್ಣಿಗೇ ಬೀಳುತ್ತಿರಲಿಲ್ಲ. ಜಾರುತ್ತಿತ್ತು, ಚುಚ್ಚುತ್ತಿತ್ತು. ಹೊಲಿದದ್ದನ್ನು ರೆಪ್ಪೆಗೆ ತಾಗಿಸಿ ನೋಡುವುದು, ಎಲ್ಲೋ ಒಂದು ಗಂಟು ತಟ್ಟಿದರೆ ಬಿಚ್ಚುವುದು, ಮತ್ತೆ ಹೊಲಿಯುವುದು. ಸೀಟನ್ನು ಜಗ್ಗಿ ಜಗ್ಗಿ ನೋಡುತ್ತಿದ್ದ ಮನುಷ್ಯ ಈಗ ಉಸಿರು ಬಿಗಿಹಿಡಿದು ಒಂದು ಎಳೆಯನ್ನು ದಾಟಿಸುತ್ತಿದ್ದರು. ಛೇಡಿಸಲೆಂದು ಪಕ್ಕದಲ್ಲಿ ಕೂತವಳು ನಾನು. ಹೊಲಿಗೆ ಸಣ್ಣದಾಗುತ್ತ, ಸಮನಾಗುತ್ತ, ಇರುವೆ ಸಾಲಿನಂತೆ ಹರಿಯತೊಡಗಿದಾಗ ನನ್ನ ಮಾತು ಬಾಯಲ್ಲೇ ಉಳಿಯಿತು. ವಿಚಾರಣೆ ಕಿಟಕಿಯವಳನ್ನು ಸುಮ್ಮನೆ ಕೂರಿಸುವುದು ಹುಡುಗಾಟವಲ್ಲ. ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿದೆ. ಒಂದೇ ಮನೆಯಲ್ಲಿ ಇಷ್ಟು ವರ್ಷ ಬಾಳಿದ ಮನುಷ್ಯನನ್ನು ಹೊಸಬರಂತೆ ನೋಡುವ ಭಾಗ್ಯ ಎಷ್ಟು ಹೆಂಡಂದಿರಿಗೆ ಸಿಗುತ್ತದೋ ಕಾಣೆ.

ಹೊದಿಕೆ ಮುಗಿಯಿತು. ದಾರದ ಗಂಟುಗಳೆಲ್ಲ ಪದರಗಳ ನಡುವೆ ಅಡಗಿದ್ದವು. ಅಂಚು ಎಂದಿನಂತೆ ಒಳಕ್ಕೆ. ಹಿಂಬದಿ ತಿರುಗಿಸಿದರೆ ಅಲ್ಲಿ ಅಕ್ಕಪಕ್ಕ ಎರಡು ಜೇಬು, ಒಂದು ಎಡಕ್ಕೆ ಬಾಯಿ ತೆರೆದಿತ್ತು, ಇನ್ನೊಂದು ಬಲಕ್ಕೆ.

“ಇದೇನ್ರೀ? ಮಗು ಚಿಲ್ಲರೆ ಇಟ್ಕೊಳ್ಳುತ್ತಾ?”

“ಇರ್ಲಿ ಬಿಡು” ಎಂದು ಸ್ನಾನಕ್ಕೆ ಹೋದರು.

ಕುತೂಹಲಕ್ಕೆ ಒಂದು ಕೈ ಒಳಗೆ ಹಾಕಿದೆ. ನನ್ನ ಕೈಗೆ ಜೇಬು ಸಡಿಲವಾಗಿತ್ತು. ಇನ್ನೊಂದು ಕೈಯನ್ನೂ ಹಾಕಿದೆ. ಎರಡೂ ಅಂಗೈ ಮೇಲ್ಮುಖವಾಗಿ ಹೊದಿಕೆಯ ಅಡಿಯಲ್ಲಿ ನಿಂತವು, ಥೇಟ್ ಎಳೆ ಮಗುವನ್ನು ಎತ್ತಿಕೊಳ್ಳುವ ಹಾಗೆ. ಸುತ್ತ ಪದರದ ಮೇಲೆ ಪದರ. ಅದರೊಳಗಿಂದ ಎಂಥ ಅಂಗೈಯೂ ಯಾರನ್ನೂ ತರಚಲಾರದು. ಮಗಳು ಎತ್ತಿಕೋ ಎಂದಿದ್ದಳಲ್ಲ, ಇವರು ಎತ್ತಿಕೊಳ್ಳಲು ದಾರಿ ಹುಡುಕಿಕೊಂಡಿದ್ದರು. ಹೊದಿಕೆ ಮಗುವಿಗಾಗಿ ಎಷ್ಟೋ ಅಷ್ಟೇ ಈ ಕೈಗಳಿಗಾಗಿ. ಕೈ ಹೊರಗೆ ತೆಗೆಯಲೂ ಮನಸ್ಸಾಗದೆ ಮಂಚದ ಮೇಲೆ ಹಾಗೇ ಕೂತುಬಿಟ್ಟೆ.

ಮಗಳು ಆಸ್ಪತ್ರೆಯಿಂದ ನೆಟ್ಟಗೆ ನಮ್ಮ ಮನೆಗೇ ಬಂದಳು. ಹೆಣ್ಣು ಮಗು. ಹೊದಿಕೆಯನ್ನು ಮಂಚದ ಮೇಲೆ ಹಾಸಿಟ್ಟಿದ್ದೆ. ಅವಳು ಮಗುವನ್ನು ಅದರ ಮೇಲೆ ಮಲಗಿಸಿ ಅಪ್ಪನ ಕಡೆ ನೋಡಿದಳು. ಕೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದವರು ಒಳಗೆ ಬಂದು ಮಂಡಿಯೂರಿದರು. ಎರಡೂ ಕೈಗಳನ್ನು ಜೇಬುಗಳೊಳಗೆ ತೂರಿಸಿದರು. ಹೇಳಿ ಮಾಡಿಸಿದ ಹಾಗೆ ಕೂತವು. ಮೆಲ್ಲಗೆ ಎತ್ತಿದರು.

ಎತ್ತಿಕೊಂಡರು! ಮಗು ಒಮ್ಮೆ ಆಕಳಿಸಿ ಮತ್ತೆ ನಿದ್ದೆಗೆ ಜಾರಿತು. ಇವರು ಕಣ್ಣು ಕೂಡ ಮಿಟುಕಿಸದೆ ನೋಡುತ್ತಿದ್ದರು. ಇಡೀ ಊರಿನ ಭಾರ ತಡೆಯುವ ಸೀಟು ಹೊಲಿದ ಕೈಗಳು ಅಂಗೈಯಗಲದ ಮಗುವನ್ನು ಹೊತ್ತಿದ್ದವು.

“ಅಪ್ಪ, ಕೈ ಯಾಕೆ ಒಳಗಿಟ್ಕೊಂಡಿದೀಯಾ?” ಎಂದಳು ಮಗಳು.

“ತರಚುತ್ತೆ ಮಗಳೇ.”

ಅವಳು ಹೊದಿಕೆಯ ಸಮೇತ ಮಗುವನ್ನು ತೆಗೆದು ನನ್ನ ತೋಳಿಗಿಟ್ಟಳು. ಖಾಲಿಯಾದ ಕೈಗಳು ನೇರ ಬೆನ್ನ ಹಿಂದಕ್ಕೆ ಹೋದವು. ಅವಳು ಪಕ್ಕದಲ್ಲಿ ಕೂತು, ಬೆನ್ನ ಹಿಂದಿನಿಂದ ಒಂದು ಕೈಯನ್ನು ಎಳೆದು ತಂದಳು.

“ಮಗು ಆಮೇಲೆ. ಮೊದಲು ನನಗೆ” ಎಂದು ಆ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡಳು.

ಇವರು ಕೈ ಬಿಡಿಸಿಕೊಳ್ಳಲು ನೋಡಿದರು. ಅವಳು ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ಹಾಗೇ ಕೂತಿದ್ದಳು. ಕೊನೆಗೆ ಬಿಟ್ಟಾಗ ಕೆನ್ನೆಯ ಮೇಲೆ ಸಣ್ಣದೊಂದು ಕೆಂಪು ಗೀರು ಎದ್ದಿತ್ತು. ಇವರೂ ಅದನ್ನು ನೋಡಿದ್ದರು.

ಮಗಳು ಗೀರನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ನಕ್ಕು, ಮುಖವನ್ನು ಈಚೆಗೆ ಹೊರಳಿಸಿದಳು.

“ಈ ಕಡೆ ಬಾಕಿ ಇದೆ, ಅಪ್ಪ.”

ಈ ಸಲ ಕೈಯನ್ನು ಯಾರೂ ಎಳೆಯಲಿಲ್ಲ. ತಾನಾಗಿಯೇ ಬಂತು.