ಬೀಳುವವರನ್ನು ಹಿಡಿಯುವವನು

ಕುಪ್ಪೇಲೂರಿನ ಹೊಲವೊಂದರಲ್ಲಿ ಹೈಬ್ರಿಡ್ ಬೀಜಕ್ಕಾಗಿ ಟೊಮೆಟೊ ಹೂಗಳಿಗೆ ಕ್ರಾಸಿಂಗ್ ಮಾಡುತ್ತಿದ್ದ ಹೆಂಗಸೊಬ್ಬರು ನನಗೆ ಆಗಾಗ ನೆನಪಾಗುತ್ತಾರೆ. ಬೆರಳಿನ ಉಂಗುರದಲ್ಲಿ ಪರಾಗ ತುಂಬಿಕೊಂಡು, ಒಂದೊಂದೇ ಹೂವಿನ ತುದಿಯನ್ನು ಅದರಲ್ಲಿ ಅದ್ದುವರು. ಊಟದ ಹೊತ್ತಿಗೆ ಮೊಬೈಲಿನಲ್ಲಿ ಸೂಪರ್‌ಹೀರೋ ಸಿನಿಮಾ ನೋಡುವರು. ಬೀಳುತ್ತಿದ್ದವರನ್ನು ನಾಯಕ ಗಾಳಿಯಲ್ಲೇ ಹಿಡಿದಾಗ, “ಹಿಡದಾ ನೋಡ್ರಿ” ಎನ್ನುವರು, ಪ್ರತಿ ಸಲವೂ, ಮೆಲ್ಲಗೆ.

ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಅಲ್ಲಿಗೆ ಹೋಗುತ್ತಿದ್ದ ನಾನು ವಿಜ್ಞಾನ ಕಥೆಗಳ ಪರ. ಅವುಗಳಲ್ಲಿ ಕಲ್ಪನೆಗೂ ಒಂದು ಕಾರಣವಿರುತ್ತದೆ ಎಂದು ವಾದಿಸುತ್ತಿದ್ದೆ.

“ನಿಮ್ಮ ಪುಸ್ತಕದಾಗ ಬರೇ ಮಾತು ರೀ ಮೇಡಮ್. ನಮ್ಮ ಸಿನಿಮಾದಾಂವ ಓಡಿ ಬರ್ತಾನ” ಎನ್ನುವರು ಅವರು.

ಒಂದು ಬೆಳಿಗ್ಗೆ ಗಿಡಗಳ ಸಾಲಿನಲ್ಲಿ ಅವರ ಪಕ್ಕ ನಿಂತು ಹೇಳಿಬಿಟ್ಟೆ: “ಅಷ್ಟ್ ಜೋರ್ ಬೀಳೋರನ್ನ ಗಕ್ಕನ ಹಿಡದ್ರ ಅವರು ಉಳಿಯಂಗಿಲ್ಲಕ್ಕ. ಮೀನಿನ ಬಲಿಯಂಗ ಬಗ್ಗಿ, ನಿಧಾನಕ ತಡೀಬೇಕು; ನಮ್ಮ ಪುಸ್ತಕದಾಗ ಹಂಗ ಹಿಡೀತಾರ.”

ಅವರ ಕೈ ನಿಂತಿತು. “ನಮ್ಮ ತಮ್ಮ ಗೌಂಡಿ ಕೆಲಸಕ್ಕ ಹೋದಾಗ ಕಟ್ಟಡದ ಮ್ಯಾಲಿಂದ ಬಿದ್ದು ಸತ್ತ. ಕೆಳಗ ಬಲಿ ಕಟ್ಟಿದ್ರ ಉಳೀತಿದ್ನೇನ್ರಿ?”

ಸುಳ್ಳು ಹೇಳಲು ನನಗೆ ಆಗಲಿಲ್ಲ. “ಉಳೀತಿದ್ದ” ಎಂದೆ.

ಅವರು ಇನ್ನೊಂದು ಹೂವಿನ ತುದಿಯನ್ನು ಉಂಗುರದಲ್ಲಿ ಅದ್ದಿದರು. ಆಮೇಲೆ, “ಹಂಗಾರ ನಿಮ್ಮ ಪುಸ್ತಕಾನ ಖರೇ ಬಿಡ್ರಿ” ಎಂದು ಮುಂದಿನ ಗಿಡಕ್ಕೆ ಸರಿದರು.