ಬೈಯಲು ಯಾರೂ ಇಲ್ಲದ ನಲ್ಲಿ

ಹೆಂಗಸೊಬ್ಬಳು ನಲ್ಲಿಯ ಪಕ್ಕದ ಪೆಟ್ಟಿಗೆಗೆ, ಮೊದಲೇ ದುಡ್ಡು ತುಂಬಿಸಿಟ್ಟ ನೀಲಿ ಬಿಲ್ಲೆಯೊಂದನ್ನು ತಾಗಿಸಿದಳು, ನೀರು ಬಂತು. ಬಿಲ್ಲೆ ತೆಗೆದಳು, ನೀರು ನಿಂತಿತು. ಟಾಂಜಾನಿಯಾದ ದೊಡೊಮಾ ಪಕ್ಕದ ಈ ಊರಿಗೆ ಬಂದ ಮೊದಲ ಬೆಳಿಗ್ಗೆ ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆ ನಲ್ಲಿಗಳನ್ನು ನಡೆಸುವ ಕಂಪನಿಯಲ್ಲೇ ನನಗೆ ಕೆಲಸ ಸಿಕ್ಕಿತ್ತು, ನೋಡಿ!

ಮನೆಯೆಂದರೆ ಮಾಮಾ ನೀಮಾ ಅವರ ಹಿತ್ತಲಿನ ಒಂದು ಕೋಣೆ. ಇಲ್ಲಿ 'ಮಾಮಾ' ಅಂದರೆ ಸೋದರಮಾವನಲ್ಲ, ಅಮ್ಮ. ನೀಮಾ ಎಂಬುದು ಅವರ ಮಗಳ ಹೆಸರು. ರಸ್ತೆ ಬದಿಯಲ್ಲಿ ಅಡುಗೆ ಮಾಡಿ ಮಾರುವುದು ಅವರ ಬದುಕು. ಉಗಾಲಿ ಎಂಬುದು ಮುಸುಕಿನ ಜೋಳದ ಬಿಳಿ ಮುದ್ದೆ. ನಮ್ಮ ರಾಗಿ ಮುದ್ದೆಯಂತೆ ನುಂಗಲು ಹೋದರೆ ಗಂಟಲಲ್ಲೇ ನಿಲ್ಲುತ್ತದೆ. ಸಂಜೆಯಾದರೆ, ಕನ್ನಡದಲ್ಲಿ ಜಗಳವಾಡಲೂ ಯಾರೂ ಇಲ್ಲವಲ್ಲ ಎಂದು ಅಳು ಬರುತ್ತಿತ್ತು.

ನಮ್ಮ ಹಿರೇನಲ್ಲೂರಿನಲ್ಲಿ ನೀರು ಬಿಡುವವನು ನೀರಗಂಟಿ. ನೀರು ಬರದಿದ್ದರೆ ಬಿಂದಿಗೆ ಸಮೇತ ಅವನ ಬಾಗಿಲಿಗೇ ಹೋಗುತ್ತಿದ್ದೆವು. ನೆಂಟರ ಬೀದಿಗೆ ಅವನು ಹೆಚ್ಚು ಹೊತ್ತು ಬಿಡುವುದು ಊರಿಗೇ ಗೊತ್ತು. ಇಲ್ಲಿನ ಯಂತ್ರಕ್ಕೆ ನೆಂಟರಿಲ್ಲ. ಅದು ನನಗೆ ಬಹಳ ಹಿಡಿಸಿತು.

ಆಮೇಲೊಮ್ಮೆ, ಬಿಲ್ಲೆಯ ದುಡ್ಡಿನ ಲೆಕ್ಕ ನೋಡುವ ನೆಟ್‌ವರ್ಕ್ ಹೋಯಿತು. ಮೇಲೆ ಟ್ಯಾಂಕ್ ತುಂಬಿದ್ದರೂ ನಲ್ಲಿಯಲ್ಲಿ ಹನಿ ನೀರಿಲ್ಲ. ಮಾಮಾ ನೀಮಾ ಒಲೆ ಹಚ್ಚಲೇ ಇಲ್ಲ. ಖಾಲಿ ಕ್ಯಾನನ್ನು ನನ್ನ ಬಾಗಿಲಲ್ಲಿ ಕುಕ್ಕಿದರು. "ನಿಮ್ಮ ದೂರಿನ ನಂಬರಿಗೆ ಫೋನ್ ಮಾಡಿದೆ, ಮಿಷನ್ ಮಾತಾಡ್ತು. ನಾನು ಯಾರನ್ನ ಬೈಲಿ, ಹೇಳು?"

ಅಂದೇ ಮ್ಯಾನೇಜರರ ಮುಂದೆ ನಿಂತು, ನೆಟ್‌ವರ್ಕ್ ಕೈಕೊಟ್ಟಾಗ ಕೈಯಲ್ಲೇ ತೆರೆಯುವ ವಾಲ್ವ್ ಹಾಕಿಸಿ, ಅದರ ಕೀ ಬೀದಿಯವರಿಗೇ ಕೊಡಿ, ದೂರಿಗೆ ಮನುಷ್ಯರ ನಂಬರ್ ಇರಲಿ ಅಂದೆ.

"ನೀರು ಕಳುವಾದರೆ ಯಾರು ಹೊಣೆ?" ಎಂದರು.

"ನಾನೇ. ನನ್ನ ನಂಬರೇ ಹಾಕಿ."

"ಕಳುವಾದರೆ ನಿನ್ನ ಕೆಲಸ ಹೋಗುತ್ತೆ."

"ಹೋಗಲಿ ಬಿಡಿ" ಎಂದೆ.

ವಾಲ್ವ್ ಬಂತು, ಕೀ ಮಾಮಾ ನೀಮಾ ಅವರ ಕೈಸೇರಿತು. ನೀರೂ ಕಳುವಾಗಲಿಲ್ಲ, ನನ್ನ ಕೆಲಸವೂ ಹೋಗಲಿಲ್ಲ. ಫೋನಿಗೆ ಮಾತ್ರ ಪುರಸೊತ್ತಿಲ್ಲ. ಪುಸ್ತಕದಿಂದ ಬಾರದ ಸ್ವಾಹಿಲಿ ಬೈಸಿಕೊಂಡು ಬಂತು. ಬೈದು ಮುಗಿದ ಮೇಲೆ ಬೀದಿಯವರು "ಪೋಲೆ, ದಾದಾ" ಅನ್ನುತ್ತಾರೆ: ಪಾಪ ಅಕ್ಕಾ, ನಿನಗೂ ಕಷ್ಟವೇ ಅಂತ.

ಹೋದ ತಿಂಗಳು ರಜೆಗೆಂದು ಅಜ್ಜಂಪುರದ ಅಕ್ಕನ ಮನೆಗೆ ಬಂದೆ. ಉಂಡ ತಟ್ಟೆ ತೊಳೆಯಲು ಎದ್ದರೆ, "ಬುಡೇ, ನಾಲ್ಕು ದಿನಕ್ಕೆ ಬಂದಿರೋಳು, ಕೂತ್ಕ" ಎಂದಳು. ಹಿಂದೆ ತಟ್ಟೆ ತೊಳೆಯದಿದ್ದರೆ ಬಾಯಿಗೆ ಬಂದಂತೆ ಬೈಯುತ್ತಿದ್ದವಳು ಇವಳೇ! ಅಷ್ಟರಲ್ಲಿ ಫೋನ್ ಬಂತು. ವಾಲ್ವ್ ಬಿಗಿದುಕೊಂಡಿದೆ, ನೀನೆಲ್ಲಿ ಹಾಳಾಗಿ ಹೋದೆ ಎಂದು ಮಾಮಾ ನೀಮಾ ಒಂದೇ ಸಮನೆ ಬೈದರು. ನಗುತ್ತ ಬೈಸಿಕೊಂಡೆ, ರಿಪೇರಿಯವನನ್ನು ಕಳಿಸುತ್ತೇನೆಂದು ಹೇಳಿ ಇಟ್ಟೆ.

"ಯಾರೇ ಅದು, ಹಂಗೆ ಬಾಯಿ ಮಾಡ್ತಿದ್ದಿದ್ದು?" ಅಕ್ಕ ಕೇಳಿದಳು.

"ನಮ್ಮೋರು ಕಣಕ್ಕ."

ಅಕ್ಕ ನನ್ನನ್ನೇ ನೋಡಿದಳು. "ಹಂಗಾರೆ ನಾವ್ಯಾರೇ?"

"ನೀನೂ ಒಂದ್ಸಲ ಬೈಯಕ್ಕ" ಅಂದೆ. ಅವಳು ಬೈಯಲಿಲ್ಲ. ಒಳಗೆ ಹೋಗಿ, ನೆಂಟರಿಗೆಂದೇ ಎತ್ತಿಟ್ಟ ಗಾಜಿನ ತಟ್ಟೆಯಲ್ಲಿ ಬಾಳೆಹಣ್ಣು ತಂದಿಟ್ಟಳು.